ಹುಬ್ಬಳ್ಳಿಯ ಖಾಲಿ ಪ್ಲಾಟಿಗೆ ಪಾಲಿಕೆ ನೋಟಿಸು: ದಂಡ ಕಟ್ಟಲೋ, ತಕರಾರು ಹಾಕಲೋ?

ಖಾಲಿ ಪ್ಲಾಟಿನಲ್ಲಿ ಜಾಲಿ ಬೆಳೆದಿದೆ, ಗಡುವಿನೊಳಗೆ ಸ್ವಚ್ಛ ಮಾಡಿಸಿ ಅಂತ ಪಾಲಿಕೆ ನೋಟಿಸು ಕೊಟ್ಟಿದೆ, ದಂಡ ಕಟ್ಟಿ ಮುಗಿಸಲೋ, ತಕರಾರು ಹಾಕಲೋ ಅಂತ ಕೇಳಿದ್ದೀರಿ. ಎರಡೂ ಬ್ಯಾಡ್ರಿ. ಮೊದಲು ಜಾಲಿ ಕೀಳಿಸಿ.

ನನ್ನದೂ ಇದೇ ಪಾಡಾಗಿತ್ತು: ನಾನು ಬೆಂಗಳೂರಲ್ಲಿ, ಪ್ಲಾಟು ನವನಗರದ ಕಡೆ, ಆಳೆತ್ತರ ಬಳ್ಳಾರಿ ಜಾಲಿ, ಪಕ್ಕದವರ ದೂರು, ನೋಟಿಸು. ಏಪ್ರಿಲ್‌ನಲ್ಲಿ ಜೆಸಿಬಿ ಕರೆಸಿ ಎರಡು ತಾಸಿನಲ್ಲಿ ನೆಲ ಕೆರೆಸಿದೆ. ಗಣಪತಿ ಹಬ್ಬದ ಹೊತ್ತಿಗೆ ಒಂದೊಂದು ಬುಡಕ್ಕೆ ಆರೇಳು ಚಿಗುರು, ಎದೆಮಟ್ಟ. ಮತ್ತೆ ನೋಟಿಸು.

ತಪ್ಪಿದ್ದು ಎಲ್ಲಿ ಅಂದ್ರೆ, ಬಕೆಟ್ಟು ಗಿಡವನ್ನು ಸವರಿತೇ ಹೊರತು ಕೀಳಲಿಲ್ಲ. ಈ ಜಾಲಿಯ ಚಿಗುರುಕಣ್ಣು ಇರುವುದು ಬುಡ-ಬೇರು ಕೂಡುವ ಗಂಟಿನಲ್ಲಿ, ನೆಲದಿಂದ ನಾಲ್ಕೈದು ಇಂಚು ಕೆಳಗೆ. ಗಂಟು ಉಳಿದರೆ ಕಡಿದಷ್ಟೂ ಪೊದೆ ದಟ್ಟವಾಗುತ್ತದೆ. ಒಂದು ಅಡಿ ಅಗೆದು ಗಂಟನ್ನೇ ಎತ್ತಬೇಕು. ಅದರ ಕೆಳಗಿನ ಬೇರು ಮಣ್ಣಲ್ಲೇ ಉಳಿದರೂ ಚಿಂತೆಯಿಲ್ಲ. ಬೇಸಿಗೆಯಲ್ಲಿ ಎರೆ ಮಣ್ಣು ಕಲ್ಲಾಗಿರುತ್ತದೆ, ಎಳೆದರೆ ಬುಡ ಮೇಲೆಯೇ ಮುರಿಯುತ್ತದೆ. ಮಳೆ ಹಿಡಿದ ಮೇಲೆ ಜೆಸಿಬಿ ಗಾಲಿಯೇ ಹೂತು ಕೂರುತ್ತದೆ. ಮೇ ಕೊನೆಯ ಹೊತ್ತಿನ ರೋಹಿಣಿ ಮಳೆ ಬಿದ್ದ ಎರಡನೇ, ಮೂರನೇ ದಿನ ಬರುವ ಹದವೇ ಇದಕ್ಕೆ ಸರಿ. ಗಡುವು ಅಲ್ಲಿಯವರೆಗೆ ಕಾಯದಿದ್ದರೆ ಈಗ ಮೊಣಕಾಲುದ್ದ ಬಿಟ್ಟು ಕಡಿಸಿ. ನೆಲಮಟ್ಟಕ್ಕೆ ಬೇಡ, ಆಮೇಲೆ ಸರಪಳಿ ಬಿಗಿದು ಎಳೆಯಲು ಹಿಡಿತ ಬೇಕಲ್ಲ.

ಜೆಸಿಬಿಗೆ ಗುತ್ತಿಗೆ ಮಾತಾಡಬೇಡಿ, ಸವರಿ ಹೋಗುತ್ತಾರೆ. ತಾಸಿನ ಲೆಕ್ಕ ಕೊಡಿ, ಕಿತ್ತ ಗಂಟುಗಳನ್ನು ಒಂದು ಕಡೆ ಗುಡ್ಡೆ ಹಾಕಿಸಿ ಎಣಿಸಿ.

ಗಂಟು ಕಿತ್ತ ಕುಣಿಗಳಿಗೆ ಮೊರಂ (ಗರಸು ಮಣ್ಣು) ಹಾಕಿಸಿ. ಪುಕ್ಕಟೆ ಸಿಗುತ್ತದೆಂದು ಇಟ್ಟಂಗಿ ಚೂರು ಸುರಿಸಿದಿರೋ, ವಾರದೊಳಗೆ ಓಣಿಯ ಕಸವೆಲ್ಲ ಅಲ್ಲಿಗೇ ಬರುತ್ತದೆ. ನೀರು ನಿಂತರೆ ಎಂಟ್ಹತ್ತು ದಿನಕ್ಕೆ ಸೊಳ್ಳೆ ಎದ್ದಿರುತ್ತದೆ. 2024ರ ಡೆಂಗಿ ನಿಯಮದಲ್ಲಿ ನಗರದ ಖಾಲಿ ಜಾಗಕ್ಕೆ 2,000 ರೂಪಾಯಿ ದಂಡವಿದೆ.

ದಂಡ ಕಟ್ಟಿ ಕೈ ತೊಳೆದುಕೊಳ್ಳೋಣ ಅನ್ನುವ ನಿಮ್ಮ ಲೆಕ್ಕ ಸರಿಯಿಲ್ಲ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮದ ಪ್ರಕಾರ, ಗಡುವು ಮೀರಿದರೆ ಪಾಲಿಕೆಯೇ ಸ್ವಚ್ಛ ಮಾಡಿಸಿ ಖರ್ಚನ್ನು ಮಾಲೀಕರಿಂದ ವಸೂಲಿ ಮಾಡಬಹುದು. ತಕರಾರಿಗೆ ಅರ್ಥವಿರುವುದು, ನೋಟಿಸಿನ ಸಿಟಿಎಸ್ ನಂಬರು (ನಗರ ಸರ್ವೆ ನಂಬರು) ನಿಮ್ಮ ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆ ಪತ್ರದಲ್ಲಿ, ಇರುವುದಕ್ಕೆ ಹೊಂದದಿದ್ದಾಗ ಮಾತ್ರ. ಅದನ್ನು ಇವತ್ತೇ ನೋಡಿ.

ನೋಟಿಸಿಗೆ ಉತ್ತರವನ್ನು ಎರಡು ಪ್ರತಿ ಮಾಡಿ ಪಾಲಿಕೆಯ ವಲಯ ಕಚೇರಿಯ ಟಪಾಲು ವಿಭಾಗಕ್ಕೆ ಕೊಡಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಜೊತೆಗೆ ತೆರಿಗೆ ರಸೀದಿ, ಕೆಲಸಕ್ಕೆ ಮೊದಲಿನ ಮತ್ತು ನಂತರದ ಫೋಟೊ. ಎರಡರಲ್ಲೂ ಅದೇ ಕರೆಂಟ್ ಕಂಬ ಕಾಣಲಿ, ಇಲ್ಲವಾದರೆ ಬೇರೆ ಪ್ಲಾಟು ಅಂದುಬಿಡುತ್ತಾರೆ.

ಮಳೆಗಾಲದಲ್ಲಿ ಕಾಂಗ್ರೆಸ್ ಕಸ ಏಳುತ್ತದೆ. ಬಿಳಿ ಹೂ ಬಿಡುವ ಮೊದಲೇ ಕೈಗವಸು ಹಾಕಿಸಿ ಕೀಳಿಸಿ, ಬರಿಗೈಲಿ ಮುಟ್ಟಿದರೆ ತುರಿಕೆ. ಬೇವು, ಹುಣಸೆಯಂಥ ಮರವಿದ್ದರೆ ಕಡಿಸುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ. ಕಿತ್ತ ಜಾಲಿಯನ್ನು ಅಲ್ಲೇ ಸುಡಬೇಡಿ, ಅದಕ್ಕೆ ಬೇರೆ ದಂಡ. ಕಟ್ಟಿಗೆ ಅಡ್ಡೆಯವರಿಗೆ ಹೇಳಿದರೆ ಗಾಡಿ ತಂದು ಒಯ್ಯುತ್ತಾರೆ.