ಓ-9 ಸೀರಂಗೆ ಜಗ್ಗದ ಟೈಫಾಯ್ಡ್ ರೋಗಾಣು

ಪ್ರಶ್ನೆ: ರಕ್ತದ ಕಲ್ಚರ್‌ನಲ್ಲಿ ಬಂದ ಬ್ಯಾಕ್ಟೀರಿಯಾ ಬೆಳೆ ಟಿಎಸ್‌ಐ (ಬಣ್ಣ ಬದಲಿಸಿ ಬ್ಯಾಕ್ಟೀರಿಯಾದ ಗುಣ ತೋರಿಸುವ ಸಕ್ಕರೆ-ಕಬ್ಬಿಣದ ಅಗಾರ್) ಟ್ಯೂಬಿನಲ್ಲಿ ಥೇಟ್ ಟೈಫಾಯ್ಡ್‌ನದೇ: ಇಳಿಜಾರು ಕೆಂಪು, ತಳ ಹಳದಿ, ಗ್ಯಾಸ್ ಇಲ್ಲ, ನಡುವೆ ತೆಳು ಕಪ್ಪು ಗೆರೆ. ಆದರೆ ಸ್ಲೈಡಿನಲ್ಲಿ ಓ-9 ಸೀರಂ (ರೋಗಾಣುವಿನ ಮೈಮೇಲಿನ ಓ-9 ಎಂಬ ಗುರುತು, ಅಂದರೆ ಆಂಟಿಜೆನ್, ಹಿಡಿಯುವ ಪ್ರತಿಕಾಯ ದ್ರವ) ಬೆರೆಸಿದರೆ ಗಂಟು ಕಟ್ಟುತ್ತಿಲ್ಲ. ಸೀರಂ ಕೆಟ್ಟಿದೆಯೇ?
– ಡಿಎಂಎಲ್‌ಟಿ ವಿದ್ಯಾರ್ಥಿನಿ, ಹಾವೇರಿ

ಉತ್ತರ: ಸೀರಂ ಚೆಲ್ಲಬೇಡಿ. ಗೊತ್ತಿರುವ ಓ-9 ತಳಿಯೊಂದಿಗೆ ಅದು ಗಂಟು ಕಟ್ಟಿದರೆ ಸೀರಂ ಸರಿಯಾಗಿಯೇ ಇದೆ. ಆಗ ಅನುಮಾನಿಸಬೇಕಾದದ್ದು ವಿಐ ಆಂಟಿಜೆನ್ ಅನ್ನು. ಟೈಫಾಯ್ಡ್ ರೋಗಾಣುವಿನ ಮೈಮೇಲಿನ ಈ ಸಕ್ಕರೆ ಪೊರೆ ಒಳಗಿನ ಓ ಆಂಟಿಜೆನ್ನನ್ನು ಮುಚ್ಚಿಬಿಡುತ್ತದೆ, ಸೀರಂಗೆ ಹಿಡಿತ ಸಿಗುವುದಿಲ್ಲ.

ಮೊದಲು ಬರೀ ಸಲೈನ್ ಹನಿಯಲ್ಲಿ ಬೆಳೆಯನ್ನು ಕಲಸಿ ನೋಡಿ. ಅಲ್ಲೇ ಗಂಟು ಕಟ್ಟಿದರೆ ಅದು ಒರಟು ತಳಿ. ಯಾವ ಸೀರಂ ಹಾಕಿದರೂ ಸುಳ್ಳು ಉತ್ತರವೇ ಬರುತ್ತದೆ. ಹನಿ ಹಾಲಿನಂತೆ ನಯವಾಗಿ ಉಳಿದರೆ ವಿಐ ಸೀರಂ ಬೆರೆಸಿ ಸ್ಲೈಡನ್ನು ಒಂದು ನಿಮಿಷ ಅತ್ತಿತ್ತ ಓಲಾಡಿಸಿ. ಹಾಲು ಒಡೆದಂತೆ ಕಣಕಣವಾಗಿ, ನಡುವಿನ ನೀರು ತಿಳಿಯಾದರೆ ಪೊರೆ ಇದೆ ಎಂದರ್ಥ. ಈಗ 1 ಮಿಲಿ ಸಲೈನ್‌ನಲ್ಲಿ ಬೆಳೆಯನ್ನು ದಟ್ಟವಾಗಿ ಕಲಸಿ, ಕುದಿಯುವ ನೀರಿನಲ್ಲಿ 15ರಿಂದ 30 ನಿಮಿಷ ಇಟ್ಟು, ಆರಿಸಿ, ಮತ್ತೆ ಓ-9 ಹಾಕಿ. ಪೊರೆ ಕಳಚಿರುತ್ತದೆ, ಕುದಿತ ತಾಳುವ ಓ ಆಂಟಿಜೆನ್ ಹೊರಬಿದ್ದು ಗಂಟು ಕಟ್ಟುತ್ತದೆ.

ಕುದಿಸಿದ್ದರಲ್ಲಿ ಎಚ್ ಪರೀಕ್ಷೆ ಮಾತ್ರ ಬೇಡ. ಎಚ್ ಎಂಬ ಇನ್ನೊಂದು ಆಂಟಿಜೆನ್ ಇರುವುದು ಚಲನೆಯ ಬಾಲಗಳಲ್ಲಿ. ಅವು ಪ್ರೋಟೀನ್, ಬಿಸಿಗೆ ಹಾಳಾಗುತ್ತವೆ. ಅದಕ್ಕೆ ಚೆನ್ನಾಗಿ ಚಲಿಸುತ್ತಿರುವ ಹೊಸ ಬೆಳೆಯೇ ಬೇಕು. (ಎಚ್ ಎಂಬುದು ಜರ್ಮನ್ ಭಾಷೆಯ ‘ಹೌಖ್’, ಅಂದರೆ ಉಸಿರು. ಪ್ರೋಟಿಯಸ್ ಬ್ಯಾಕ್ಟೀರಿಯಾ ಗಾಜಿನ ಮೇಲೆ ಉಸಿರು ಬಿಟ್ಟಂತೆ ಅಗಾರ್ ತುಂಬ ಹರಡುವುದನ್ನು ನೋಡಿ ಇಟ್ಟ ಹೆಸರು. ಓ ಎಂದರೆ ‘ಓನ ಹೌಖ್’, ಉಸಿರಿಲ್ಲದ್ದು.)

ಎಚ್ ನೋಡದೆ ರಿಪೋರ್ಟ್ ಬರೆಯಲೇಬೇಡಿ. ಓ, ಎಚ್ ನೋಡಿ ವಿಂಗಡಿಸುವ ಕೌಫ್‌ಮನ್-ವೈಟ್ ಪಟ್ಟಿಯಲ್ಲಿ ಟೈಫಾಯ್ಡ್ ರೋಗಾಣುವಿನ ಕುಲವಾದ ಸಾಲ್ಮೊನೆಲ್ಲಾದ 2500ಕ್ಕೂ ಹೆಚ್ಚು ಬಗೆಗಳಿವೆ. ಟೈಫಿಯ (ಟೈಫಾಯ್ಡ್ ರೋಗಾಣುವಿನ) ಸೂತ್ರ 9,12,[ವಿಐ]:ಡಿ:– (ಮೊದಲು ಓ ಮತ್ತು ವಿಐ, ಆಮೇಲೆ ಎಚ್). ಆಹಾರ ವಿಷವಾಗಿಸುವ ಎಂಟೆರಿಟಿಡಿಸ್‌ಗೂ ಓ-9 ಇದೆ, ಆದರೆ ಅದರ ಎಚ್ ‘ಜಿ,ಎಂ’. ವಿಐ ಒಂದನ್ನೇ ನಂಬುವಂತೆಯೂ ಇಲ್ಲ, ಪ್ಯಾರಾಟೈಫಿ ಸಿ ಎಂಬ ಸಾಲ್ಮೊನೆಲ್ಲಾದಲ್ಲೂ ಕೆಲವು ಸಿಟ್ರೋಬ್ಯಾಕ್ಟರ್ ಬ್ಯಾಕ್ಟೀರಿಯಾಗಳಲ್ಲೂ ಅದು ಸಿಗುತ್ತದೆ. ಓ-9, ವಿಐ, ಎಚ್-ಡಿ ಮೂರೂ ಟಿಎಸ್‌ಐ ಜೊತೆ ಹೊಂದಿದಾಗ ಟೈಫಿ ಎಂದು ಬರೆಯಿರಿ.

ಕುದಿಸದ ಹನಿಗಳಲ್ಲಿರುವುದು ಜೀವಂತ ರೋಗಾಣು. ಗ್ಲೌಸ್ ಇರಲಿ, ಸ್ಲೈಡ್ ಓದಿದ ಕೂಡಲೇ ಹೈಪೋಕ್ಲೋರೈಟ್ ದ್ರಾವಣಕ್ಕೆ ಹಾಕಿ.