ಹಳೇ ಅಲಾರಂ ಪ್ಯಾನೆಲ್ ಕೀಳ್ಬೇಡಿ ಅಕ್ಕಾ, ಅದನ್ನ ಇಟ್ಕೊಂಡೇ ಹೋಮ್ ಅಸಿಸ್ಟೆಂಟಿಗೆ ಜೋಡ್ಸಿ

ಅಕ್ಕಾ, ನಿಮ್ಮ ಪೋಸ್ಟ್ ನಿನ್ನೆ ರಾತ್ರೀನೇ ಓದ್ದೆ, ಇಷ್ಟುದ್ದ ಫೋನಲ್ಲಿ ಟೈಪ್ ಮಾಡೋಕೆ ಆಗ್ಲಿಲ್ಲ, ಈಗ ಕೂತು ಬರೀತಿದೀನಿ. ನೀವು ಕೇಳಿದ್ದು ಇಷ್ಟು: ಮನೇಲಿ ಹತ್ತು ವರ್ಷದ ಹಿಂದೆ ಹಾಕ್ಸಿದ ಎಂಟು ಜೋನಿನ (ಬೇರೆ ಬೇರೆ ಸೆನ್ಸರ್ ಲೈನಿನ) ವೈರಿನ ಅಲಾರಂ ಇದೆ, ಆಗಾಗ ಸುಮ್ಸುಮ್ನೆ ಕೂಗೋದು ಬಿಟ್ರೆ ಈಗ್ಲೂ ಸರಿಯಾಗೇ ಕೆಲಸ ಮಾಡ್ತಿದೆ, ಮಗ ರಾಸ್ಪ್‌ಬೆರಿ ಪೈ (ಅಂಗೈಯಷ್ಟಿನ ಕಂಪ್ಯೂಟರ್) ಮೇಲೆ ಹೋಮ್ ಅಸಿಸ್ಟೆಂಟ್ (ಮನೆ ಸಾಧನಗಳನ್ನೆಲ್ಲಾ ಒಂದೇ ಕಡೆಯಿಂದ ನಡೆಸೋ ಸಾಫ್ಟ್‌ವೇರ್) ಹಾಕಿ ಲೈಟು, ಪಂಪು ಎಲ್ಲಾ ಫೋನಿಗೆ ತಂದಿದಾನೆ, ಅಲಾರಮ್ಮೂ ಅದ್ರಲ್ಲೇ ಬರ್ಲಿ ಅಂತ ಆಸೆ, ಎಲೆಕ್ಟ್ರಿಷಿಯನ್ ಮಾತ್ರ ಹಳೇದೆಲ್ಲಾ ಕಿತ್ತು ವೈಫೈ ಸೆನ್ಸರ್ ಹಾಕೋಣ ಅಂತಿದಾರೆ. ಅದ್ರ ಮೇಲೆ 60 ಮೀಟರ್ ದೂರದ ಅಡಿಕೆ ಗೋಡೌನಿಗೂ ಒಂದು ಸೈರನ್ ಬೇಕು.

ದಯವಿಟ್ಟು ಕೀಳ್ಬೇಡಿ. ಅಲಾರಂ ಪ್ಯಾನೆಲ್, ಅಂದ್ರೆ ಸೆನ್ಸರ್ ವೈರೆಲ್ಲಾ ಬಂದು ಸೇರೋ ಆ ತಗಡಿನ ಡಬ್ಬಿ ಒಳಗೆ 12 ವೋಲ್ಟಿನ 7 ಆಂಪಿಯರ್ ಅವರ್ ಬ್ಯಾಟರಿ ಇರತ್ತೆ, ಕರೆಂಟ್ ಹೋದ್ರೂ ನೆಟ್ ಹೋದ್ರೂ ಅದು ತನ್ನ ಪಾಡಿಗೆ ಬಾಗಿಲು ಕಾಯ್ತಿರತ್ತೆ, ಯಾರನ್ನೂ ಕೇಳಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಒಂದು ಮರ ಲೈನ್ ಮೇಲೆ ಬಿದ್ರೆ ಎರಡು ದಿನ ಕರೆಂಟಿಲ್ಲ, ರೌಟರ್ ಸತ್ತ ಮೇಲೆ ವೈಫೈ ಸೆನ್ಸರ್ ಇದ್ದೂ ಇಲ್ಲದ ಹಾಗೆ. ಪೈಗಳಲ್ಲೂ ಹಿಂಗೆ ಕರೆಂಟ್ ಹೋಗಿ ಬಂದು ಎಸ್‌ಡಿ ಕಾರ್ಡ್ ಕೆಟ್ಟು ಕೂರೋದು ತುಂಬಾ ಸಾಮಾನ್ಯ. ನಾನು ಎಲ್ರಿಗೂ ಹೇಳೋದು ಒಂದೇ, ಕಳ್ಳನ್ನ ಹಿಡಿಯೋ ಕೆಲಸ ಪ್ಯಾನೆಲ್ಲಿಗೇ ಇರ್ಲಿ, ಹೋಮ್ ಅಸಿಸ್ಟೆಂಟ್ ಅದ್ರ ಮಾತು ಕೇಳಿಸ್ಕೊಂಡು ಲೈಟ್ ಹಾಕೋದು, ಫೋನಿಗೆ ಸುದ್ದಿ ಕೊಡೋದು ಮಾಡ್ಲಿ. ಪೈ ಕೆಟ್ಟೋದ್ರೂ ಸೈರನ್ ಕೂಗ್ಬೇಕು.

ಈಗ ಜೋಡ್ಸೋದು ಹೆಂಗೆ. ಮೊದ್ಲು ಪ್ಯಾನೆಲ್ ಮುಚ್ಚಳ ತೆಗೆದು ಬೋರ್ಡ್ ಅಂಚಲ್ಲಿರೋ ಟರ್ಮಿನಲ್ ಹೆಸರು ಓದಿ. ಜೋನ್ ಒಂದು, ಎರಡು ಅಂತ ಸಾಲಾಗಿ ಇರತ್ತೆ, ಸೈರನ್ನಿಗೆ ಹೋಗೋ ಬೆಲ್ ಅಂತ ಇರತ್ತೆ, ಬೇರೆ ಸಾಧನಕ್ಕೆ 12 ವೋಲ್ಟ್ ಕೊಡೋ ಎಯುಎಕ್ಸ್ ಅಂತ ಇರತ್ತೆ, ಅದ್ರ ಪಕ್ಕ ಪಿಜಿಎಂ ಅಂತ ಒಂದೋ ಎರಡೋ ಇದ್ರೆ ನಿಮ್ಮ ಅರ್ಧ ಕೆಲಸ ಮುಗೀತು. ಪಿಜಿಎಂ ಅಂದ್ರೆ ನಾವು ಹೇಳಿದ ಟೈಮಲ್ಲಿ ಆನ್ ಆಗೋ ಔಟ್‌ಪುಟ್. ಒಂದನ್ನ ‘ಅಲಾರಂ ಆನ್ ಮಾಡಿದಾರೆ’ ಅನ್ನೋದಕ್ಕೆ, ಇನ್ನೊಂದನ್ನ ‘ಸೈರನ್ ಕೂಗ್ತಿದೆ’ ಅನ್ನೋದಕ್ಕೆ ಸೆಟ್ ಮಾಡ್ಬೋದು. ಸೆಟ್ ಮಾಡೋಕೆ ಇನ್‌ಸ್ಟಾಲರ್ ಕೋಡ್ ಬೇಕು, ನೀವು ದಿನಾ ಒತ್ತೋ ಕೋಡ್ ಅಲ್ಲ, ಹಾಕ್ಕೊಟ್ಟವ್ರ ಹತ್ರ ಇರತ್ತೆ, ಬೇರೆ ಏನೂ ಮುಟ್ಟೋ ಮುಂಚೆ ಅದನ್ನ ಇಸ್ಕೊಂಡು ಬರ್ದಿಟ್ಕೊಳ್ಳಿ.

ಈ ಪಿಜಿಎಂ ಸುದ್ದಿನ ವೈಫೈಲಿ ಹೋಮ್ ಅಸಿಸ್ಟೆಂಟಿಗೆ ಮುಟ್ಸೋಕೆ ಇಎಸ್‌ಪಿ32 ಅನ್ನೋ ಸಣ್ಣ ಬೋರ್ಡ್ ಬೇಕು. ಆದ್ರೆ ಪಿಜಿಎಂ ವೈರನ್ನ ಸೀದಾ ಆ ಬೋರ್ಡಿಗೆ ಮಾತ್ರ ಕೊಡ್ಬೇಡಿ. ಪ್ಯಾನೆಲ್ 12 ವೋಲ್ಟಿನ ಲೋಕ, ಇಎಸ್‌ಪಿ 3.3 ವೋಲ್ಟಿನದು, ಒಂದ್ಸಲ ತಾಗಿದ್ರೆ ಚಿಪ್ ಹೋಯ್ತು ಅಂತ್ಲೇ ತಿಳ್ಕೊಳ್ಳಿ. ಮಧ್ಯ 12 ವೋಲ್ಟಿನ ಒಂದು ಸಣ್ಣ ರಿಲೇ (ಒಳಗಿನ ಕಾಯಿಲಿಗೆ ಕರೆಂಟ್ ಬಂದ್ರೆ ತಾನಾಗೇ ಒತ್ತೋ ಸ್ವಿಚ್) ಇಡಿ. ಕಾಯಿಲಿನ ಒಂದು ತುದಿ ಎಯುಎಕ್ಸ್ ಪ್ಲಸ್ಸಿಗೆ, ಇನ್ನೊಂದು ಪಿಜಿಎಂಗೆ, ಕಾಯಿಲಿಗೆ ಅಡ್ಡ ಒಂದು 4007 ಡಯೋಡ್, ಬೆಳ್ಳಿ ಪಟ್ಟಿ ಇರೋ ಕಡೆ ಪ್ಲಸ್ಸಿಗೆ. ಇಂಥ ರಿಲೇ 30 ಮಿಲಿ ಆಂಪಿಯರ್ ಆಸುಪಾಸು ಎಳಿಯತ್ತೆ, ಹೆಚ್ಚಿನ ಪಿಜಿಎಂ 50 ತಡ್ಕೊಳ್ಳತ್ತೆ, ಆದ್ರೂ ನಿಮ್ಮ ಪ್ಯಾನೆಲ್ ಪುಸ್ತಕದಲ್ಲಿ ಒಮ್ಮೆ ನೋಡ್ಕೊಳ್ಳಿ. ರಿಲೇಯ ಆಚೆ ಕಡೆ ಕಾಂಟ್ಯಾಕ್ಟು ಬರೀ ಒಂದು ಸ್ವಿಚ್ ಇದ್ದಂಗೆ, ಅದ್ರ ಎರಡು ವೈರ್ ಇಎಸ್‌ಪಿಯ ಒಂದು ಪಿನ್ನಿಗೆ ಮತ್ತೆ ಗ್ರೌಂಡಿಗೆ. ಪಿನ್ 25, 26, 27, 32, 33 ಇದ್ರಲ್ಲಿ ಯಾವುದಾದ್ರೂ ತಗೊಳ್ಳಿ. 34, 35, 36, 39ರಲ್ಲಿ ಒಳಗಡೆ ಪುಲ್‌ಅಪ್ (ಸ್ವಿಚ್ ತೆರೆದಿದ್ದಾಗ ಪಿನ್ನನ್ನ 3.3 ವೋಲ್ಟಲ್ಲಿ ಹಿಡಿದಿಡೋ ರೆಸಿಸ್ಟರ್) ಇಲ್ಲ, ಅಲ್ಲಿ ಹಾಕಿದ್ರೆ ಕಾರಣವೇ ಇಲ್ದೆ ‘ಅಲಾರಂ ಅಲಾರಂ’ ಅಂತ ಮೆಸೇಜ್ ಬರ್ತಾನೇ ಇರತ್ತೆ, ನಾನು ಒಂದು ಇಡೀ ಭಾನುವಾರ ಅದನ್ನೇ ಹುಡುಕ್ದೆ. ಬೋರ್ಡಿಗೆ ಇಎಸ್‌ಪಿಹೋಮ್ ಅನ್ನೋ ಸಾಫ್ಟ್‌ವೇರ್ ಹಾಕಿದ್ರೆ ಹೋಮ್ ಅಸಿಸ್ಟೆಂಟಲ್ಲಿ ತಾನಾಗೇ ಕಾಣ್ಸತ್ತೆ, ಮಗನಿಗೆ ಹತ್ತು ನಿಮಿಷದ ಕೆಲಸ. ಪಿಜಿಎಂ ಇಲ್ದಿದ್ರೆ ಬೆಲ್ ಔಟ್‌ಪುಟ್ಟಿಗೇ ರಿಲೇ ಹಾಕ್ಕೋಬೋದು, ಸೈರನ್ ಕೂಗಿದ್ದಷ್ಟೇ ಗೊತ್ತಾಗತ್ತೆ.

ಯಾವ ಬಾಗಿಲು ತೆಗೆದ್ರು ಅಂತಾನೂ ಬೇಕು ಅಂದ್ರೆ ಬೇರೆ ದಾರಿ. ಪ್ಯಾನೆಲ್ ಡಿಎಸ್‌ಸಿ, ಪ್ಯಾರಡಾಕ್ಸ್ ಥರದ ಕಂಪನೀದಾಗಿದ್ರೆ ಕೀಪ್ಯಾಡ್ ಲೈನೋ ಸೀರಿಯಲ್ ಪೋರ್ಟೋ ಓದೋಕೆ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿವೆ, ಎಂಟೂ ಜೋನ್ ಬೇರೆ ಬೇರೆ ಕಾಣತ್ತೆ. ಬೇರೆ ಕಂಪನೀದಾದ್ರೆ ಕೆಲವರು ಸೆನ್ಸರ್ ವೈರಿಗೇ ಇಎಸ್‌ಪಿ ಪಿನ್ನನ್ನ ಪ್ಯಾರಲಲ್ ಕೊಡ್ತಾರೆ, ಅದು ಬೇಡ. ಜೋನ್ ಲೂಪಿನ ಕೊನೇಲಿ, ಬಾಗಿಲ ಮ್ಯಾಗ್ನೆಟ್ ಹತ್ರ, ಒಂದು ಸಣ್ಣ ರೆಸಿಸ್ಟರ್ ಕೂತಿರತ್ತೆ, ಕೆಲವದ್ರಲ್ಲಿ 2.2 ಕೆ, ಕೆಲವದ್ರಲ್ಲಿ 5.6 ಕೆ. ಪ್ಯಾನೆಲ್ ಆ ಲೆಕ್ಕ ನೋಡ್ಕೊಂಡೇ ಬಾಗಿಲು ಮುಚ್ಚಿದೆ, ತೆಗ್ದಿದೆ, ವೈರ್ ಶಾರ್ಟ್ ಮಾಡಿದಾರೆ ಅಂತ ಹೇಳೋದು. ಅಲ್ಲಿ ಇನ್ನೊಂದು ಬೋರ್ಡ್ ಕೂರ್ಸಿದ್ರೆ ಲೆಕ್ಕ ತಪ್ಪತ್ತೆ. ಅದಕ್ಕಿಂತ ಬೇಕಾದ ಬಾಗಿಲಿಗೆ ಒಂದು ಜಿಗ್‌ಬೀ (ಸೆಲ್ಲಲ್ಲಿ ನಡಿಯೋ, ವೈರಿಲ್ಲದ) ಸೆನ್ಸರ್ ಬೇರೇನೇ ಹಾಕ್ಬಿಡಿ, ಹಳೇದರ ತಂಟೆಗೆ ಹೋಗ್ದೆ.

ಇನ್ನು ಉಲ್ಟಾ ದಾರಿ, ಫೋನಿಂದ ಪ್ಯಾನೆಲ್ ಆನ್ ಆಫ್ ಮಾಡೋದು. ಒಂದು ಜೋನನ್ನ ಕೀಸ್ವಿಚ್ (ಪ್ಯಾನೆಲ್ಲನ್ನ ಆನ್ ಆಫ್ ಮಾಡೋ ಇನ್‌ಪುಟ್) ಅಂತ ಸೆಟ್ ಮಾಡಿ ಇಎಸ್‌ಪಿ ಕಡೆಯಿಂದ ರಿಲೇ ಕೊಟ್ರೆ ಆಗತ್ತೆ. ರಾತ್ರಿ ಹತ್ತೂವರೆಗೆ ತಾನಾಗೇ ಆನ್ ಆಗ್ಲಿ, ಚಿಂತೆ ಇಲ್ಲ. ತಾನಾಗೇ ಆಫ್ ಆಗೋದನ್ನ ಮಾತ್ರ ಯಾವ ಕಾರಣಕ್ಕೂ ಮಾಡ್ಬೇಡಿ. ನಮ್ಮನೇಲಿ ಫೋನ್ ಲೊಕೇಶನ್ ನೋಡಿ ಆಫ್ ಆಗೋ ಥರ ಮಾಡಿದ್ದೆ, ಮನೆ ಹತ್ರ ಬಂದ ಕೂಡ್ಲೇ ಆಫ್ ಆಗ್ಲಿ ಅಂತ. ಒಂದಿನ ಎಲ್ರೂ ಸಾಗರದಲ್ಲಿ ಮದ್ವೆ ಮನೇಲಿದ್ವಿ, ರಾತ್ರಿ ಸಿಗ್ನಲ್ ಸರಿ ಇಲ್ದೆ ನನ್ನ ಫೋನು ಮನೇಲೇ ಇದೀನಿ ಅಂತ ತೋರ್ಸಿ ಅಲಾರಂ ಆಫ್ ಆಗೋಗಿತ್ತು. ಬೆಳಗ್ಗೆ ಬಂದು ಕೀಪ್ಯಾಡಲ್ಲಿ ಹಸಿರು ಲೈಟ್ ನೋಡ್ದಾಗ ಕೈಕಾಲು ತಣ್ಣಗಾಯ್ತು, ಅತ್ತೆಯ ಬಂಗಾರ ಎಲ್ಲಾ ಒಳಗೇ ಇತ್ತು. ಏನೂ ಹೋಗಿರ್ಲಿಲ್ಲ, ಆದ್ರೆ ಆವತ್ತೇ ಆ ಆಟೊಮೇಶನ್ ತೆಗ್ದೆ. ಆಫ್ ಮಾಡೋದು ಕೀಪ್ಯಾಡಲ್ಲಿ ಕೈಯಿಂದಾನೇ.

ಗೋಡೌನ್ ಸೈರನ್ ವಿಷಯ. ಅಲಾರಂ ಕೇಬಲ್ ತೆಳ್ಳಗಿರತ್ತೆ, 0.22 ಚದರ ಮಿಲಿಮೀಟರ್ ತಾಮ್ರ ಅಂದ್ರೆ 60 ಮೀಟರ್ ಹೋಗಿ ಬರೋಕೆ ಒಂಬತ್ತು ಓಮ್ ದಾಟತ್ತೆ. 300 ಮಿಲಿ ಆಂಪಿಯರ್ ಸೈರನ್ ಕೂಗಿದ್ರೆ ಸುಮಾರು 2.8 ವೋಲ್ಟ್ ದಾರೀಲೇ ಹೋಯ್ತು, ಸೈರನ್ ಕುಯ್ಯೋ ಅನ್ನತ್ತೆ ಅಷ್ಟೇ. ದಪ್ಪ ಕೇಬಲ್ ಹಾಕ್ಬೋದು, ಆದ್ರೆ ನಮ್ಮಲ್ಲಿ ಏಪ್ರಿಲ್ ಮೇ ಸಿಡಿಲು ಗೊತ್ತಲ್ಲ, ಎರಡು ಕಟ್ಟಡದ ಮಧ್ಯ ಉದ್ದ ತಾಮ್ರ ಎಳೆದ್ರೆ ಒಂದು ಸಿಡಿಲಿಗೆ ಎರಡೂ ಕಡೆ ಬೋರ್ಡ್ ಸುಟ್ಟೋಗ್ಬೋದು. ಗೋಡೌನಿಗೆ ಬೇರೆ ಸಣ್ಣ ಪ್ಯಾನೆಲ್, ಅದಕ್ಕೇ ಬ್ಯಾಟರಿ, ಅದಕ್ಕೇ ಸೈರನ್ ಹಾಕಿ. ಎರಡನ್ನೂ ಒಂದು ಮಾಡೋದು ನೆಟ್ವರ್ಕಿಂದ, ಮನೆಗೆ ಇಂಟರ್ನೆಟ್ ತರೋ ಫೈಬರ್ ಕೇಬಲ್ಲೇ ಸಾಕು, ಎರಡು ತುದೀಲಿ ಫೈಬರಿನ ಬೆಳಕನ್ನ ಲ್ಯಾನ್ ಕೇಬಲ್ಲಿಗೆ ಬದಲಾಯ್ಸೋ ಮೀಡಿಯಾ ಕನ್ವರ್ಟರ್. ಕೇಬಲ್ ಜೊತೆ ಬರೋ ಸ್ಟೀಲ್ ತಂತಿ ಮಾತ್ರ ಎರಡೂ ಕಡೆ ಹೊರಗೇ ಕತ್ತರ್ಸಿ, ಒಳಗೆ ತರ್ಬೇಡಿ.

ಆಮೇಲೆ ಸಣ್ಣಪುಟ್ಟದ್ದು. ಸುಮ್ಸುಮ್ನೆ ಕೂಗತ್ತೆ ಅಂದ್ರಲ್ಲ, ಜಗಲಿ ಮೂಲೇಲಿರೋ ಪಿಐಆರ್ (ಓಡಾಟ ಗುರ್ತಿಸೋ ಸೆನ್ಸರ್) ಬಿಚ್ಚಿ ನೋಡಿ. ನಮ್ಮದ್ರೊಳಗೆ ಹಲ್ಲಿ ಮೊಟ್ಟೆ ಎರಡಿದ್ವು, ಬಿಳೀ ಬಟಾಣಿ ಥರ, ಹಲ್ಲಿ ಲೆನ್ಸ್ ಮೇಲೆ ಓಡಾಡ್ದಾಗೆಲ್ಲಾ ಅದಕ್ಕೆ ಮನುಷ್ಯ ಹೋದಂಗೆ. ವೈರ್ ಬರೋ ತೂತಿಗೆ ಸಿಲಿಕೋನ್ ಹಾಕಿದ ಮೇಲೆ ನಿಂತೋಯ್ತು. ಪ್ಯಾನೆಲ್ ಬ್ಯಾಟರಿ ಹಾಕಿ ಹತ್ತು ವರ್ಷ ಆಗಿದ್ರೆ ಅದು ಹೆಸರಿಗಷ್ಟೇ ಇರೋದು, ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು. ಇಎಸ್‌ಪಿ ಬೋರ್ಡಿಗೆ ಕರೆಂಟನ್ನ ಆ ಬ್ಯಾಟರಿಯಿಂದ ತಗೋಬೇಡಿ, ರೌಟರಿನ ಮಿನಿ ಯುಪಿಎಸ್ಸಿಂದ ಕೊಡಿ. ಅಲಾರಂ ಕೂಗ್ದಾಗ ಫೋನ್ ಮಾಡೋ ಡಯಲರ್ 2ಜಿದಾದ್ರೆ ಅದಕ್ಕೆ ಜಿಯೋ ಸಿಮ್ ನಡಿಯಲ್ಲ, ಜಿಯೋದಲ್ಲಿ 2ಜಿ ಇಲ್ವೇ ಇಲ್ಲ.

ಎಲ್ಲಾ ಆದ್ಮೇಲೆ ಅಕ್ಕಪಕ್ಕದವ್ರಿಗೆ ಹೇಳಿ ಒಂದು ಪರೀಕ್ಷೆ ಮಾಡಿ: ರೌಟರ್ ತೆಗೀರಿ, ಪೈ ತೆಗೀರಿ, ಮೇನ್ ಸ್ವಿಚ್ ಆಫ್ ಮಾಡಿ, ಅಲಾರಂ ಆನ್ ಮಾಡಿ ಹೊರಗೆ ಹೋಗಿ ಹಿಂದಿನ ಬಾಗಿಲು ತೆಗೀರಿ. ಸೈರನ್ ಕೂಗ್ಬೇಕು. ಕೂಗ್ಲಿಲ್ಲ ಅಂದ್ರೆ ಹೋಮ್ ಅಸಿಸ್ಟೆಂಟ್ ಆಮೇಲೆ, ಅದನ್ನ ಮೊದ್ಲು ಸರಿ ಮಾಡೋಣ. ಡಬ್ಬಿ ಒಳಗಿನ ಬೋರ್ಡಿಂದು ಒಂದು ಫೋಟೋ ಹಾಕಿ, ಟರ್ಮಿನಲ್ ಹೆಸರು ಕಾಣೋ ಹಂಗೆ, ಯಾವ ವೈರ್ ಎಲ್ಲಿಗೆ ಅಂತ ಅದ್ರ ಮೇಲೇ ಗುರ್ತು ಮಾಡಿ ಕಳಿಸ್ತೀನಿ.