ಓದುಗರ ಪ್ರಶ್ನೆ, ನಮ್ಮ ಉತ್ತರ: ಟೀಟನ್ ಸರೋವರಗಳಲ್ಲಿ ಕಯಾಕ್‌ನೊಂದಿಗೆ ಒಂದು ದಿನ

ಪ್ರಶ್ನೆ: ನಾವು ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂನಲ್ಲಿ ನೆಲೆಸಿದ್ದೇವೆ. ಜುಲೈನಲ್ಲಿ ಊರಿನಿಂದ ಅತ್ತೆ–ಮಾವ ಬರುತ್ತಿದ್ದಾರೆ. ಅವರನ್ನೂ ಒಂಬತ್ತು ವರ್ಷದ ಮಗಳನ್ನೂ ಕರೆದುಕೊಂಡು ಐಡಹೋ ರಾಜ್ಯದ ಬಾಯ್ಸಿ ಮಾರ್ಗವಾಗಿ ಕಾರಿನಲ್ಲಿ ವಯೋಮಿಂಗ್‌ನ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ಅಲ್ಲಿ ಒಂದು ದಿನವನ್ನು ಪೂರ್ತಿಯಾಗಿ ಸರೋವರದ ಮೇಲೆ ಕಳೆಯಬೇಕೆಂದಿದ್ದೇವೆ. ಇಬ್ಬಿಬ್ಬರು ಕೂರಬಹುದಾದ, ಗಾಳಿ ತುಂಬುವ ಎರಡು ಕಯಾಕ್‌ಗಳು (ಹುಟ್ಟು ಹಾಕಿ ನಡೆಸುವ ಚಿಕ್ಕ ದೋಣಿಗಳು) ನಮ್ಮಲ್ಲಿವೆ. ನನಗೂ ನಮ್ಮ ಯಜಮಾನರಿಗೂ ಈಜು ಬರುತ್ತದೆ, ಹಿರಿಯರಿಗೆ ಬರುವುದಿಲ್ಲ. ಅತ್ತೆಯವರು ಸದಾ ಸೀರೆ ಉಡುವವರು. ಜಾಕ್ಸನ್, ಜೆನ್ನಿ, ಲೀ ಎಂಬ ಮೂರು ಸರೋವರಗಳಲ್ಲಿ ಯಾವುದು ಒಳ್ಳೆಯದು? ಪರವಾನಗಿ ಬೇಕೇ? ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು?
— ಓದುಗರೊಬ್ಬರು, ಬೆಲ್‌ವ್ಯೂ

ಉತ್ತರ: ನೀವು ಹೆಸರಿಸಿದ ಮೂರರಲ್ಲಿ ಯಾವುದರಿಂದಲೂ ದಿನವನ್ನು ಆರಂಭಿಸಬೇಡಿ. ಜೆನ್ನಿ ಮತ್ತು ಲೀ ಸರೋವರಗಳ ನಡುವೆ ಸ್ಟ್ರಿಂಗ್ ಎಂಬ ಚಿಕ್ಕ ಸರೋವರವಿದೆ. ಅಗಲ ಕಡಿಮೆ, ಆಳವೂ ಕಡಿಮೆ, ಉದ್ದ ಒಂದು ಮೈಲಿಗಿಂತ ಕಡಿಮೆ. ಎಲ್ಲಿದ್ದರೂ ದಡ ಕೈಗೆಟುಕುವಷ್ಟು ಸಮೀಪದಲ್ಲಿರುತ್ತದೆ. ಈಜು ಬಾರದ ಹಿರಿಯರು ಮತ್ತು ಮಗು ಜೊತೆಯಲ್ಲಿರುವ ಕುಟುಂಬಕ್ಕೆ ಇದಕ್ಕಿಂತ ಸೂಕ್ತವಾದ ನೀರು ಆ ಉದ್ಯಾನದಲ್ಲಿ ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ಜಾಕ್ಸನ್ ಸಹಜ ಸರೋವರವೇ ಆದರೂ ಅಣೆಕಟ್ಟಿನಿಂದ ನೀರಿನ ಮಟ್ಟ ಏರಿ ಬಹಳ ವಿಶಾಲವಾಗಿದೆ. ಗಾಳಿ ತಡೆಯಿಲ್ಲದೆ ಬೀಸಿ ಅಲೆಯೆಬ್ಬಿಸುತ್ತದೆ, ಯಂತ್ರದ ದೋಣಿಗಳ ಓಡಾಟವೂ ಹೆಚ್ಚು. ಜೆನ್ನಿಯಲ್ಲಿ ಪ್ರವಾಸಿಗರನ್ನು ಆಚೆ ದಡಕ್ಕೆ ದಾಟಿಸುವ ದೋಣಿಗಳು ದಿನವಿಡೀ ಸಂಚರಿಸುತ್ತವೆ. ಲೀ ಸರೋವರದಲ್ಲಿ ಯಂತ್ರದ ದೋಣಿಗಳಿಗೆ ಅವಕಾಶವಿಲ್ಲ, ಅದರ ಸೌಂದರ್ಯಕ್ಕೆ ಸಾಟಿಯೂ ಇಲ್ಲ. ಆದರೆ ಅದು ಸುಮಾರು 250 ಅಡಿ ಆಳದ ಹಿಮದ ನೀರು. ಸ್ಟ್ರಿಂಗ್‌ನಲ್ಲಿ ಕೈಪಳಗಿಸಿಕೊಂಡು, ಗಾಳಿಯಿಲ್ಲದಿದ್ದರೆ ಮಾತ್ರ, ನಿಮ್ಮಿಬ್ಬರಲ್ಲಿ ಒಬ್ಬರು ಮಗಳೊಂದಿಗೆ ಅದರೊಳಗೆ ಹೋಗಿ ಬರಬಹುದು.

ದಿನವನ್ನು ಯೋಜಿಸುವಾಗ ಎಷ್ಟು ಮೈಲಿ ಹೋಗಬಹುದು ಎಂಬ ಲೆಕ್ಕಕ್ಕಿಂತ ಗಾಳಿ ಎಷ್ಟು ಗಂಟೆಗೆ ಏಳುತ್ತದೆ ಎಂಬ ಲೆಕ್ಕವೇ ಮುಖ್ಯ. ಜುಲೈನಲ್ಲಿ ಟೀಟನ್ ತಪ್ಪಲಿನ ಬೆಳಗು ಸಾಮಾನ್ಯವಾಗಿ ನಿಶ್ಚಲವಾಗಿರುತ್ತದೆ. ಹೊತ್ತೇರಿದಂತೆ ನೆಲ ಕಾದು ಗಾಳಿ ಬಲವಾಗುತ್ತದೆ, ಮಧ್ಯಾಹ್ನದ ನಂತರ ಗುಡುಗು ಮಿಂಚಿನ ಮಳೆ ಬರುವುದೂ ಅಪರೂಪವಲ್ಲ. ಇದರಲ್ಲಿ ನಿಮ್ಮಂಥವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಸ್ಟ್ರಿಂಗ್‌ನಿಂದ ಲೀ ಕಡೆಗೆ ನೀವು ಉತ್ತರಕ್ಕೆ ಹೋಗುತ್ತೀರಿ, ಮರಳುವಾಗ ದಕ್ಷಿಣಕ್ಕೆ ಬರುತ್ತೀರಿ; ಮಧ್ಯಾಹ್ನದ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ, ತೋಳು ಸೋತಿರುವ ಹೊತ್ತಿನಲ್ಲೇ ಎದುರುಗಾಳಿಗೆ ಹುಟ್ಟು ಹಾಕಬೇಕಾಗುತ್ತದೆ. ಗಾಳಿ ತುಂಬಿದ ಕಯಾಕ್ ಹಗುರ. ಅದರ ಬಹುಭಾಗ ನೀರಿನ ಮೇಲೆಯೇ ನಿಲ್ಲುವುದರಿಂದ ಗಾಳಿ ಅದನ್ನು ಸುಲಭವಾಗಿ ಅಡ್ಡಕ್ಕೆ ದೂಡುತ್ತದೆ. ಬೆಳಿಗ್ಗೆ ಏಳು ಗಂಟೆಗೆ ನೀರಿಗಿಳಿದು, ಮಧ್ಯಾಹ್ನ ಹನ್ನೆರಡರೊಳಗೆ ಲೀಯಿಂದ ಹೊರಬಂದಿರಬೇಕೆಂದು ಮನೆಯಿಂದ ಹೊರಡುವ ಮೊದಲೇ ನಿಶ್ಚಯಿಸಿಕೊಳ್ಳಿ. ಬೇಗ ಹೋಗುವುದಕ್ಕೆ ಇನ್ನೊಂದು ಕಾರಣವೂ ಉಂಟು: ಬೇಸಿಗೆಯಲ್ಲಿ ಸ್ಟ್ರಿಂಗ್ ಸರೋವರದ ವಾಹನ ನಿಲುಗಡೆ ಬೆಳಗಿನಲ್ಲೇ ತುಂಬಿಬಿಡುತ್ತದೆ. ದೂರದಲ್ಲಿ ಗುಡುಗಿನ ಸದ್ದು ಕೇಳಿದರೂ ಸಾಕು, ಮಳೆಗಾಗಿ ಕಾಯದೆ ಹತ್ತಿರದ ದಡ ಸೇರಬೇಕು.

ಇನ್ನು ನೀರಿನ ತಣ್ಪಿನ ವಿಚಾರ. ಆ ಸರೋವರಗಳ ನೀರಿನ ಮಟ್ಟವೇ ಸಮುದ್ರಮಟ್ಟದಿಂದ ಸುಮಾರು 2,090 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ತುದಿ ಇರುವುದು 1,930 ಮೀಟರಿನಲ್ಲಿ ಎಂದರೆ ಅತ್ತೆ–ಮಾವನವರಿಗೆ ಕಲ್ಪನೆ ಬಂದೀತು. ಬಿಸಿಲು ಚುರುಗುಟ್ಟುತ್ತಿದ್ದರೂ ಕೆಳಗಿರುವುದು ಹಿಮ ಕರಗಿ ಬಂದ ನೀರು. ಅಂಥ ನೀರಿಗೆ ದಿಢೀರನೆ ಬಿದ್ದವರಿಗೆ ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ಸಿಗುವುದಿಲ್ಲ, ಬಾಯಿ ತಾನಾಗಿ ತೆರೆದು ಗಾಳಿಗಾಗಿ ಏದುತ್ತದೆ. ಆ ಕ್ಷಣದಲ್ಲಿ ಮುಖ ನೀರಿನ ಮೇಲಿದ್ದರೆ ಮಾತ್ರ ಬದುಕು. ಸುಮಾರು ಹತ್ತು ನಿಮಿಷಗಳಲ್ಲಿ ಬೆರಳುಗಳು ಮರಗಟ್ಟಿ, ದೋಣಿಯ ಹಗ್ಗವನ್ನು ಹಿಡಿಯುವ ಶಕ್ತಿಯೂ ಕುಂದುತ್ತದೆ. ಹೀಗಾಗಿ ಈಜು ಬಲ್ಲ ನೀವಿಬ್ಬರೂ ಲೈಫ್ ಜಾಕೆಟ್ ತೊಟ್ಟೇ ಇರಬೇಕು. ಪ್ರತಿಯೊಬ್ಬರಿಗೂ ಒಂದೊಂದು ಜಾಕೆಟ್ ದೋಣಿಯಲ್ಲಿರಬೇಕೆಂಬುದು ನಿಯಮ. 13 ವರ್ಷದೊಳಗಿನ ಮಕ್ಕಳು ಅದನ್ನು ಧರಿಸಿರಲೇಬೇಕೆಂಬುದು ಇನ್ನೊಂದು ನಿಯಮ. ಕಾನೂನು ಏನೇ ಹೇಳಲಿ, ನಿಮ್ಮ ಕುಟುಂಬದಲ್ಲಿ ಐವರಿಗೂ ಎರಡನೆಯ ನಿಯಮವೇ ಅನ್ವಯಿಸಲಿ.

ಜಾಕೆಟ್ ಸರಿಯಾಗಿ ಕೂತಿದೆಯೇ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎಲ್ಲ ಪಟ್ಟಿಗಳನ್ನೂ ಬಿಗಿದ ಮೇಲೆ, ಹಿಂದಿನಿಂದ ಎರಡೂ ಭುಜದ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ ಜಾರಿ ಗಲ್ಲಕ್ಕೋ ಕಿವಿಗೋ ತಾಗಿದರೆ ಅದು ಆ ವ್ಯಕ್ತಿಗೆ ದೊಡ್ಡದಾಯಿತು ಎಂದರ್ಥ. ಮಗಳಿಗೆ ದೇಹದ ತೂಕಕ್ಕೆ ಹೊಂದುವ ಮಕ್ಕಳ ಜಾಕೆಟ್ಟೇ ಬೇಕು. "ಮುಂದಿನ ವರ್ಷಕ್ಕೂ ಆದೀತು" ಎಂದು ಒಂದಳತೆ ದೊಡ್ಡದನ್ನು ತರಬೇಡಿ.

ಅತ್ತೆಯವರ ಸೀರೆಯ ವಿಷಯವನ್ನು ನೀವು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಸಂಕೋಚದಿಂದ ಬಹಳ ಮಂದಿ ಈ ಮಾತನ್ನು ಎತ್ತುವುದೇ ಇಲ್ಲ. ಸೀರೆ ಉಟ್ಟು ಕಯಾಕ್‌ನಲ್ಲಿ ಕೂರುವುದು ಬೇಡ. ನೆನೆದ ಸೀರೆ ಭಾರವಾಗುವುದಷ್ಟೇ ಅಲ್ಲ, ನೆರಿಗೆಗಳು ಕಾಲಿಗೆ ಸುತ್ತಿಕೊಂಡು ಮೊಣಕಾಲನ್ನು ಅಲುಗಿಸಲು ಬಿಡುವುದಿಲ್ಲ, ಸೆರಗು ಜಾಕೆಟ್ಟಿನ ಬಕ್ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಕಾಲು ಬಿಗಿಯಾಗಿರುವ ಚೂಡಿದಾರ ಅಥವಾ ನೈಲಾನ್ ಪ್ಯಾಂಟು, ಮೇಲೊಂದು ತೆಳು ಉಣ್ಣೆಯ ಅಂಗಿ ಇದ್ದರೆ ಸಾಕು, ದುಪಟ್ಟಾ ಕಾರಿನಲ್ಲಿರಲಿ. ಹತ್ತಿಬಟ್ಟೆ ನೆನೆದರೆ ಮೈಯ ಕಾವನ್ನೆಲ್ಲ ಹೀರುವುದರಿಂದ ಮಾವನವರ ಪಂಚೆಗೂ ಇದೇ ಮಾತು. ಅವರು ಉಡುಪು ಬದಲಿಸಲು ಒಪ್ಪದಿದ್ದರೆ ಒತ್ತಾಯಿಸಬೇಡಿ. ದಡದಲ್ಲಿ ಕುಳಿತು ನೋಡುವುದಕ್ಕೂ ಆ ಜಾಗ ಚೆನ್ನಾಗಿದೆ.

ಪರವಾನಗಿ ಖಂಡಿತವಾಗಿ ಬೇಕು. ಗಾಳಿ ತುಂಬುವ ಕಯಾಕ್ ಆದರೂ ಉದ್ಯಾನದ ದೋಣಿ ಪರವಾನಗಿಯನ್ನು ಅಂತರಜಾಲದಲ್ಲಿ ಮೊದಲೇ ಪಡೆಯಬೇಕು. ಅದರ ಜೊತೆಗೆ, ಹೊರಗಿನಿಂದ ಬಂದು ಸ್ಥಳೀಯ ಜೀವಿಗಳಿಗೆ ಕುತ್ತಾಗುವ ಜಲಜೀವಿಗಳು ದೋಣಿಗೆ ಅಂಟಿಕೊಂಡಿವೆಯೇ ಎಂಬ ತಪಾಸಣೆಯೂ ಇದೆ. ನಿಮ್ಮ ಮಾರ್ಗದಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ: 2023ರ ಸೆಪ್ಟೆಂಬರಿನಲ್ಲಿ ಐಡಹೋದ ಟ್ವಿನ್ ಫಾಲ್ಸ್ ಬಳಿ ಸ್ನೇಕ್ ನದಿಯಲ್ಲಿ ಕ್ವಾಗಾ ಎಂಬ ಕಪ್ಪೆಚಿಪ್ಪಿನ ಮರಿಗಳು ಪತ್ತೆಯಾದವು, ಮತ್ತು ಬಾಯ್ಸಿಯಿಂದ ಬರುವ ಹೆದ್ದಾರಿ ಆ ಊರಿನ ಪಕ್ಕದಲ್ಲೇ ಹಾಯುತ್ತದೆ. ಅದೇ ನದಿ ಮೇಲ್ಭಾಗದಲ್ಲಿ ಗ್ರ್ಯಾಂಡ್ ಟೀಟನ್ ಉದ್ಯಾನದೊಳಗೆ ಹರಿಯುತ್ತದೆ. ಈ ಜೀವಿಗಳ ಮರಿಗಳು ಬರಿಗಣ್ಣಿಗೆ ಕಾಣದಷ್ಟು ಚಿಕ್ಕವಾಗಿದ್ದು ಒಂದು ಬೊಗಸೆ ನೀರಿನಲ್ಲೂ ಪಯಣಿಸಬಲ್ಲವು. ಒಮ್ಮೆ ನೆಲೆಯೂರಿದರೆ ನೀರು ಸಾಗಿಸುವ ಕೊಳವೆಗಳೊಳಗೆ ಕಟ್ಟಿಕೊಂಡು, ಮೀನುಗಳ ಆಹಾರವನ್ನು ಬರಿದು ಮಾಡುತ್ತವೆ. ಗಾಳಿ ತುಂಬುವ ಕಯಾಕ್‌ನಲ್ಲಿ ನೀರು ಅಡಗುವುದು ತಳದ ಹಾಸು ಮತ್ತು ಪಕ್ಕದ ಕೊಳವೆ ಸೇರುವ ಸಂದಿಯಲ್ಲಿ ಹಾಗೂ ಬಟ್ಟೆಯ ಹೊದಿಕೆಯ ಒಳಗೆ. ಹೊರಡುವ ಮೊದಲು ಅಲ್ಲೆಲ್ಲ ಟವೆಲ್ಲಿನಿಂದ ಒರೆಸಿ, ಬಿಸಿಲಿನಲ್ಲಿ ಸಂಪೂರ್ಣ ಒಣಗಿಸಿ, ಮಡಿಸಿಟ್ಟುಕೊಳ್ಳಿ. ದಾರಿಯಲ್ಲಿ ತೆರೆದಿರುವ ಪ್ರತಿಯೊಂದು ದೋಣಿ ತಪಾಸಣಾ ಕೇಂದ್ರದಲ್ಲೂ ಕಾರನ್ನು ನಿಲ್ಲಿಸಿ. ಡಿಕ್ಕಿಯೊಳಗಿರುವ ಕಯಾಕ್ ಹೊರಗೆ ಕಾಣುವುದಿಲ್ಲವೆಂದು ಮುಂದೆ ಸಾಗಿಬಿಡುವುದು ತಪ್ಪು.

ಪ್ರವೇಶ ಶುಲ್ಕದಲ್ಲೂ ಒಂದು ಬದಲಾವಣೆಯಾಗಿದೆ. ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ಮೇಲ್ಪಟ್ಟ ಪ್ರವಾಸಿಗರಿಗೆ 2026ರ ಆರಂಭದಿಂದ ಹನ್ನೊಂದು ಉದ್ಯಾನಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕವಿದೆ. ಗ್ರ್ಯಾಂಡ್ ಟೀಟನ್ ಆ ಪಟ್ಟಿಯಲ್ಲಿದೆ, ಪಕ್ಕದ ಯೆಲ್ಲೋಸ್ಟೋನ್ ಸಹ ಇದೆ. ನಿವಾಸಿಗಳಲ್ಲದವರಿಗಾಗಿ 250 ಡಾಲರಿನ ವಾರ್ಷಿಕ ಪಾಸ್ ಕೂಡ ಇರುವುದರಿಂದ, ಎರಡೂ ಉದ್ಯಾನಗಳಿಗೆ ಹೋಗುವುದಾದರೆ ಯಾವುದು ಅಗ್ಗವೆಂದು ಲೆಕ್ಕ ಹಾಕಿ ನೋಡಿ.

ದಿನದ ಕ್ರಮ ಹೀಗಿರಲಿ. ದಡದಲ್ಲಿ ಕಯಾಕ್‌ಗಳಿಗೆ ಗಾಳಿ ತುಂಬಿ ನೀರಿಗಿಳಿಸಿದ ಐದು ನಿಮಿಷದ ನಂತರ ಕೊಳವೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ತಣ್ಣೀರು ತಾಗಿದೊಡನೆ ಒಳಗಿನ ಗಾಳಿ ಕುಗ್ಗಿ ಕಯಾಕ್ ಮೆತ್ತಗಾಗಿರುತ್ತದೆ, ಇನ್ನಷ್ಟು ತುಂಬಬೇಕಾಗುತ್ತದೆ. ಮಧ್ಯಾಹ್ನ ದಡಕ್ಕೆಳೆದು ಬಿಸಿಲಲ್ಲಿ ಬಿಡುವಾಗ ಇದರ ವಿರುದ್ಧ ನಡೆಯುತ್ತದೆ: ಗಾಳಿ ಹಿಗ್ಗಿ ಹೊಲಿಗೆ ಬಿಡಬಹುದಾದ್ದರಿಂದ ಸ್ವಲ್ಪ ಗಾಳಿಯನ್ನು ಹೊರಬಿಟ್ಟು ನೆರಳಿನಲ್ಲಿಡಿ. ಮೊದಲ ಒಂದು ಗಂಟೆ ಹಿರಿಯರದು. ಒಬ್ಬೊಬ್ಬರನ್ನಾಗಿ, ಈಜು ಬಲ್ಲ ನಿಮ್ಮಲ್ಲೊಬ್ಬರ ಜೊತೆ, ದಡದ ಅಂಚಿನಲ್ಲೇ ಸುತ್ತಾಡಿಸಿ. ಹತ್ತುವಾಗ ನಿಂತು ಕಾಲಿಡಲು ಬಿಡಬೇಡಿ, ಮೊದಲು ಆಸನದ ಮೇಲೆ ಕುಳಿತು ಆಮೇಲೆ ಕಾಲುಗಳನ್ನು ಒಳಕ್ಕೆ ತೆಗೆದುಕೊಳ್ಳಲಿ. ಅನಂತರ ಸ್ಟ್ರಿಂಗ್‌ನ ಪೂರ್ವ ದಡದ ಕಾಲುದಾರಿಯಲ್ಲಿ ನಿಮ್ಮಲ್ಲೊಬ್ಬರು ಹಿರಿಯರೊಂದಿಗೆ ನಡೆಯಿರಿ, ಇನ್ನೊಬ್ಬರು ಮಗಳೊಂದಿಗೆ ಒಂದೇ ಕಯಾಕ್‌ನಲ್ಲಿ ಪಕ್ಕದ ನೀರಿನಲ್ಲಿ ಬನ್ನಿ. ಲೀ ಸರೋವರದ ದಕ್ಷಿಣ ತುದಿಗೆ ದಾರಿ ಸುಮಾರು ಒಂದು ಮೈಲಿ, ಬಹುಪಾಲು ಸಮತಟ್ಟು. ಸ್ಟ್ರಿಂಗ್‌ನ ಉತ್ತರ ತುದಿಯಲ್ಲಿ ಕಯಾಕನ್ನು ಹೊತ್ತು ಸುಮಾರು 200 ಗಜ ನಡೆದರೆ ಲೀ ಸಿಗುತ್ತದೆ.

ಲೀಯಲ್ಲಿ ನಡುನೀರಿಗೆ ಹೋಗಬೇಡಿ. ಮರಳು ದಡಗಳಿರುವ ಪೂರ್ವದ ಅಂಚನ್ನೇ ಹಿಡಿದು ಹೋದರೆ, ಎದುರಿಗೆ 12,605 ಅಡಿ ಎತ್ತರದ ಮೌಂಟ್ ಮೊರಾನ್ ನೆತ್ತಿಯಿಂದ ಬುಡದವರೆಗೆ ಕಾಣುತ್ತದೆ. ಅದರ ಮುಖದಲ್ಲಿ ಲಂಬವಾಗಿ ಇಳಿದಿರುವ ಕಪ್ಪು ಶಿಲೆಯ ಪಟ್ಟಿಯನ್ನು ಮಗಳಿಗೆ ತೋರಿಸಿ. ಬಹಳ ಹಿಂದೆ ಬಂಡೆಯ ಬಿರುಕಿಗೆ ಶಿಲಾರಸ ನುಗ್ಗಿ ಹೆಪ್ಪುಗಟ್ಟಿದ್ದು ಅದು, ಅಗಲ ಸುಮಾರು 150 ಅಡಿ. ಪಟ್ಟಿಯ ಕೆಳಗೆ ಬೆಳ್ಳಗೆ ಕಾಣುವುದು ಹಿಮನದಿ. ಸರೋವರಕ್ಕೆ ಹೆಸರು ಬಂದಿರುವುದು 1872ರಲ್ಲಿ ಹೇಡನ್ ಎಂಬ ಭೂವಿಜ್ಞಾನಿಯ ನೇತೃತ್ವದ ಸರ್ಕಾರಿ ಭೂಸಮೀಕ್ಷೆಗೆ ದಾರಿ ತೋರಿಸಿದ ರಿಚರ್ಡ್ ಲೀ ಎಂಬಾತನಿಂದ. ಪಕ್ಕದ ಜೆನ್ನಿ ಸರೋವರ ಅವನ ಹೆಂಡತಿಯ ಹೆಸರಿನದು; ಶೋಶೋನಿ ಬುಡಕಟ್ಟಿನ ಆಕೆಯೂ ಅವರ ಮಕ್ಕಳೂ 1876ರಲ್ಲಿ ಸಿಡುಬಿಗೆ ಬಲಿಯಾದರು. ನೀರಿನ ಮೇಲೆ ಕುಳಿತು ಆ ಹೆಸರುಗಳನ್ನು ಉಚ್ಚರಿಸುವಾಗ ಇಷ್ಟಾದರೂ ತಿಳಿದಿರಬೇಕೆಂದು ನನಗನ್ನಿಸುತ್ತದೆ.

ಊಟದ ಬಗ್ಗೆ ಒಂದೇ ಎಚ್ಚರಿಕೆ. ಅದು ಕಪ್ಪು ಕರಡಿ ಮತ್ತು ಗ್ರಿಜ್ಲಿ ಕರಡಿಗಳ ಕಾಡು. ಚಿತ್ರಾನ್ನದ ಡಬ್ಬಿಯನ್ನು ದಡದಲ್ಲಿ ಕ್ಷಣಕಾಲವೂ ಒಂಟಿಯಾಗಿ ಬಿಡಬಾರದು. ಕಿಟಕಿ ಮುಚ್ಚಿದ ಕಾರಿನಲ್ಲೋ ಅಲ್ಲಿರುವ ಕಬ್ಬಿಣದ ಕರಡಿಪೆಟ್ಟಿಗೆಯಲ್ಲೋ ಇಡಿ. ಕರಡಿ ಕಂಡರೆ ಕನಿಷ್ಠ 100 ಗಜ ದೂರವಿರಬೇಕೆಂಬುದು ನಿಯಮ; ಮೇಲೆರಗುವ ಕರಡಿಯನ್ನು ಹಿಮ್ಮೆಟ್ಟಿಸುವ ಖಾರದ ಸ್ಪ್ರೇ ನಡೆಯುವವರ ಸೊಂಟದಲ್ಲಿರಲಿ, ಚೀಲದ ತಳದಲ್ಲಲ್ಲ.

ಪ್ರಶ್ನೆ: ಕಬಿನಿ ಹಿನ್ನೀರಿನಲ್ಲಿ, ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಭಾಗದಲ್ಲಿ, ನಮ್ಮದೇ ಕಯಾಕ್ ತೆಗೆದುಕೊಂಡು ಹೋಗಬಹುದೇ? ವಿದೇಶಗಳಲ್ಲಿ ಅವಕಾಶವಿರುವಾಗ ಇಲ್ಲೇಕಿಲ್ಲ?
— ಓದುಗರೊಬ್ಬರು, ಮೈಸೂರು

ಉತ್ತರ: ಹೋಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ರಾಷ್ಟ್ರೀಯ ಉದ್ಯಾನದೊಳಗೆ ಕಾಲಿಡುವುದೇ ಅಪರಾಧ, ನೀರಿನ ಮಾರ್ಗವಾಗಿ ಬಂದರೂ ಅಷ್ಟೇ. ಈ ನಿರ್ಬಂಧ ನನಗೆ ನ್ಯಾಯವೆಂದೇ ತೋರುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹುಲ್ಲು ಚಿಗುರಿದಾಗ ನಾಗರಹೊಳೆ ಮತ್ತು ಬಂಡೀಪುರ ಎರಡೂ ಕಡೆಯ ಆನೆಗಳು ಅಲ್ಲಿಗೆ ಇಳಿಯುತ್ತವೆ, ಮರಿಗಳೊಂದಿಗೆ ಈಜಿ ದಾಟುತ್ತವೆ, ಮೊಸಳೆಗಳೂ ಇವೆ. ಸದ್ದಿಲ್ಲದೆ ಹತ್ತಿರ ಸುಳಿಯುವ ಕಯಾಕ್ ಆನೆಯನ್ನು ಬೆಚ್ಚಿಬೀಳಿಸುತ್ತದೆ, ಮತ್ತು ಆಗ ಅಪಾಯ ಎರಡೂ ಕಡೆಗೆ. ಆ ನೀರನ್ನು ನೋಡಲೇಬೇಕೆಂದಿದ್ದರೆ ಜಂಗಲ್ ಲಾಡ್ಜಸ್ ನಡೆಸುವ ದೋಣಿ ಸಫಾರಿಯಲ್ಲಿ ಹೋಗಿ.

ಹುಟ್ಟು ಹಾಕುವ ಆಸೆಗೆ ಬೇರೆ ಜಾಗಗಳಿವೆ. ಕಲಿಯುವುದಕ್ಕೆ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಜಲಸಾಹಸ ತರಬೇತಿ ನೀಡುತ್ತದೆ. ಕಲಿತ ಮೇಲೆ ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ, ಪಾರಂಪಳ್ಳಿಯಲ್ಲಿ, ಸೀತಾ ನದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮಾರ್ಗದರ್ಶಕರೊಂದಿಗೆ ಕಯಾಕ್ ನಡೆಸಬಹುದು. ಅಲ್ಲಿ ಸಮುದ್ರದ ಉಬ್ಬರ ಇಳಿತ ನದಿಯೊಳಕ್ಕೂ ತಲುಪುವುದರಿಂದ, ಅಂದಿನ ಉಬ್ಬರದ ವೇಳೆಯನ್ನು ಸ್ಥಳೀಯರಿಂದ ಕೇಳಿಕೊಂಡು, ನೀರು ಏರುತ್ತಿರುವಾಗ ಒಳಗೆ ಹೋಗಿ ಇಳಿಯತೊಡಗಿದಾಗ ಅದರ ಜೊತೆಗೇ ಮರಳುವಂತೆ ಹೊರಡುವ ಗಂಟೆಯನ್ನು ಗೊತ್ತುಮಾಡಿಕೊಳ್ಳಿ.